ಕಡ ತಂದ ಹೆಪ್ಪು

ಮಂಡಿ ಬದಲಿಸಿದ ಮೇಲೆ ನೋವು ಹೋಯಿತು,
ಜೊತೆಗೆ ಹೊಟ್ಟೆಯೂ.
ಹದಿನಾಲ್ಕು ದಿನದ ಆ್ಯಂಟಿಬಯೋಟಿಕ್ಕು,
ಕಳೆ ಕೀಳಲು ಹೋಗಿ ಗದ್ದೆಗೇ ಬೆಂಕಿಯಿಟ್ಟಂತೆ.
ಆಮೇಲೆ ಮೂರು ತಿಂಗಳು
ದುರ್ಗಿಗುಡಿಯಿಂದ ಗಾಂಧಿಬಜಾರಿಗೆ ಹೊರಟರೂ
ದಾರಿಯಲ್ಲಿ ಯಾರ ಮನೆಯ ಕಕ್ಕಸು ಹತ್ತಿರ
ಎಂದು ಲೆಕ್ಕ ಹಾಕುವ ಹೆಂಗಸಾದೆ,
ನಾನು, ಸುಗುಣಾಬಾಯಿ, ಎಪ್ಪತ್ತೆರಡು,
ನಗರಸಭೆಯ ಆರೋಗ್ಯ ಶಾಖೆಯಲ್ಲಿ
ಮೂವತ್ತೊಂದು ವರ್ಷ ಗುಮಾಸ್ತೆ.

ಡಾಕ್ಟರ್ ತಬಸ್ಸುಮ್ ಕನ್ನಡಕ ಒರೆಸುತ್ತಾ ಹೇಳಿದಳು:
"ಅಮ್ಮಾ, ನಿಮ್ಮೊಳಗೆ ಒಂದು ಊರಿತ್ತು.
ಈಗ ಒಂದೇ ಜಾತಿ ಉಳಿದಿದೆ, ಪುಂಡರದು.
ಇನ್ನೊಬ್ಬರ ಹೊಟ್ಟೆಯಿಂದ ಊರು ತಂದು ಬಿಡಬೇಕು."
ಹೊಟ್ಟೆಯಿಂದ ಅಂದರೆ ಎಲ್ಲಿಂದ
ಎಂದು ನಾನು ಕೇಳಲಿಲ್ಲ.
ಅವಳೇ ಹೇಳಿದಳು, ಹೇಸದೆ, ಆ ಶಬ್ದದಲ್ಲೇ.

ತಂಗಿ ಕುಮುದಿನಿ ಫೋನಿನಲ್ಲೇ ಮೂಗು ಮುಚ್ಚಿಕೊಂಡಳು.
"ಅಮ್ಮ ಎಂಥಾ ಮಡಿಯವಳು, ಮರೆತೆಯಾ?"

ಮರೆತಿಲ್ಲ.
ಸೆಕೆಗಾಲಕ್ಕೆ ಮೊಸರು ಕೆಟ್ಟು ನೂಲು ನೂಲಾದಾಗ
ಅದೇ ಅಮ್ಮ ಗೋಡೆಯಾಚೆ ಲೋಟ ಚಾಚಿ
ಗಾಣಿಗರ ಚೆನ್ನಬಸಮ್ಮನ ಹತ್ತಿರ
ಹೆಪ್ಪು ಕೇಳುತ್ತಿದ್ದಳು, ದೀಪ ಹಚ್ಚುವ ಮೊದಲು.
ನೀರಿಗೆ ಮೈಲಿಗೆ, ಹೆಪ್ಪಿಗೆ ಇಲ್ಲ:
ಅವಳದೇ ಕಾನೂನು, ಯಾವ ಶಾಸ್ತ್ರದಲ್ಲೂ ಇಲ್ಲ.
ಒಂದು ಚಮಚ.
ಬೆಳಗಾದರೆ ಅದು ನಮ್ಮನೆ ಮೊಸರು.

ದಾನಿಯ ಹೆಸರು ಹೇಳುವುದಿಲ್ಲವಂತೆ.
ವಯಸ್ಸು ಇಪ್ಪತ್ತಾರು. ಬೀಡಿಯಿಲ್ಲ, ಕುಡಿತವಿಲ್ಲ,
ರಕ್ತ ನೋಡಿದ್ದಾರೆ, ಮಲ ನೋಡಿದ್ದಾರೆ,
ಮನೆಯವರ ಕಾಯಿಲೆಗಳನ್ನೂ ಕೆದಕಿದ್ದಾರೆ.
ನನಗೆ ಗಂಡು ಗೊತ್ತು ಮಾಡುವಾಗಲೂ
ಯಾರೂ ಇಷ್ಟು ವಿಚಾರಿಸಿರಲಿಲ್ಲ.

ಹಿಂದಿನ ರಾತ್ರಿ ಬರೀ ನೀರು. ನಿದ್ದೆಯಿಲ್ಲ.
ಕಣ್ಣು ಮುಚ್ಚಿದರೆ ಹಾಜರಿ ಪುಸ್ತಕ.
ಬೆಳಗಿನ ಆರಕ್ಕೆ ಪೊರಕೆ ಗೋಡೆಗೊರಗಿಸಿ
ಸಾಲಾಗಿ ನಿಲ್ಲುತ್ತಿದ್ದರು:
ಓಬಳೇಶ, ಪೆಂಚಾಲಮ್ಮ, ಗಂಗುಲಪ್ಪ, ಸುಂಕಮ್ಮ...
ಹೆಬ್ಬೆಟ್ಟಿನ ಮಸಿಪ್ಯಾಡನ್ನು
ಮೇಜಿನ ಆ ತುದಿಗೆ ನಾನು ಸ್ಕೇಲಿನಿಂದ ತಳ್ಳುತ್ತಿದ್ದೆ.
ಕೆಟ್ಟವಳೇನಲ್ಲ ನಾನು.
ಕೇಳಿದಾಗ ರಜೆ ಕೊಟ್ಟಿದ್ದೇನೆ,
ಯುಗಾದಿಗೆ ಮುಂಗಡ ಬರೆದಿದ್ದೇನೆ,
ಸುಂಕಮ್ಮನ ಬಾಣಂತನಕ್ಕೆ ಸೀರೆ ಕೊಟ್ಟಿದ್ದೇನೆ, ಹಳೆಯದು.
ಸ್ಕೇಲು ಮಾತ್ರ ಹದಿನೆಂಟು ಇಂಚು.

ದಾನಿ ಅವಳ ಮೊಮ್ಮಗನೇ ಎಂದೇನಿಲ್ಲ.
ಹೊಸನಗರದ ಯಾವನೋ ಡ್ರಾಯಿಂಗ್ ಮೇಷ್ಟರಿರಬಹುದು,
ತುಂಗೆಯಲ್ಲಿ ಈಜುವ ಕಾಲೇಜು ಹುಡುಗಿಯಿರಬಹುದು,
ನಮ್ಮವರೇ ಇರಬಹುದು.
'ನಮ್ಮವರೇ' ಎಂದುಕೊಂಡ ಕೂಡಲೇ
ಹೊಟ್ಟೆ ಸ್ವಲ್ಪ ಹಗುರಾಯಿತಲ್ಲ,
ಆ ಹಗುರವೇ ಬೆಳಗಿನವರೆಗೂ ಚುಚ್ಚಿತು.

ಮಾಡಿದ್ದು ನೆನಪಿಲ್ಲ, ಮಂಪರು.
ಒಂಬತ್ತನೆಯ ದಿನ ಕಡುಬು ತಿಂದೆ.
ಹನ್ನೊಂದನೆಯ ದಿನ ಗಟ್ಟಿಯಾಯಿತು.
(ಈ ವಯಸ್ಸಿನಲ್ಲಿ ಇದಕ್ಕಿಂತ ಒಳ್ಳೆಯ ಸುದ್ದಿ
ಪೋಸ್ಟಿನಲ್ಲೂ ಬರುವುದಿಲ್ಲ.)

"ಎಳೆಯವರ ಹೊಟ್ಟೆ ಬಂದರೆ
ಮುಪ್ಪೂ ಸರಿಯುತ್ತದೇನು?" ಎಂದೆ.
ತಬಸ್ಸುಮ್ ನಕ್ಕಳು:
"ಇಲಿಗಳಲ್ಲಿ ಏನೋ ಕಂಡಿದೆಯಂತೆ. ನೀವು ಇಲಿಯಲ್ಲ.
ಬಂದವರಿಗೆ ಊಟ ಹಾಕಿ: ಸೊಪ್ಪು, ಹುರುಳಿ, ಬಾಳೆದಿಂಡು.
ದಿನಾ ನಡೆಯಿರಿ. ಉಳಿದದ್ದು ಇನ್ನೂ ಯಾರಿಗೂ ಗೊತ್ತಿಲ್ಲ."

ಈಗ ಬೆಳಿಗ್ಗೆ ಆರಕ್ಕೆ ನಡೆಯುತ್ತೇನೆ,
ಹೊಸ ಮಂಡಿ, ಹೊಸ ಊರು.
ಹಸಿರು ಕೋಟಿನ ಹೆಂಗಸೊಬ್ಬಳು
ಗುಡಿಸುವುದನ್ನು ನಿಲ್ಲಿಸಿ ದಾರಿ ಬಿಡುತ್ತಾಳೆ.
ನಾನೂ ನಿಲ್ಲುತ್ತೇನೆ. ಏನು ಹೇಳುವುದು?
"ಚಳಿ" ಎನ್ನುತ್ತೇನೆ. "ಹೌದ್ರೀ" ಎನ್ನುತ್ತಾಳೆ.

ರಾತ್ರಿ ಒಳಗೆ ಸಣ್ಣ ಸದ್ದು,
ಯಾರದೋ ಮನೆಯಲ್ಲಿ ಪಾತ್ರೆ ತೊಳೆದಿಟ್ಟ ಹಾಗೆ.
ಹಾಜರಿ ಕರೆಯಲು ನನಗೆ ಹೆಸರುಗಳು ಗೊತ್ತಿಲ್ಲ.
ಹೆಪ್ಪಿನ ಲೋಟ ಮರಳಿಸುವಾಗ
ಅಮ್ಮ ಬರಿದಾಗಿ ಕೊಡುತ್ತಿರಲಿಲ್ಲ,
ತಳಕ್ಕೊಂದು ಚಿಟಿಕೆ ಸಕ್ಕರೆ.
ತೊಳೆದು ಇಟ್ಟುಕೊಂಡಿದ್ದೇನೆ ಲೋಟ.
ಯಾವ ಗೋಡೆಯಾಚೆ ಚಾಚಲಿ?